ಬೆಂಗಳೂರಿನಲ್ಲಿದ್ದೇನೆಂದು ನಂಬಿರುವ ಫೋನು

ಕಚೇರಿಯ ಮೇಜಿನ ಮೇಲಿದ್ದ ದೂರವಾಣಿಯನ್ನು ತಂತಿಸಮೇತ ಕಿತ್ತು, ಟವೆಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿ, ಮಧುಗಿರಿಯ ಬಸ್ಸು ಹತ್ತಿಸಿ, ನಡುಮನೆಯ ಟಿ.ವಿ. ಸ್ಟ್ಯಾಂಡಿನ ಪಕ್ಕ ಕೂರಿಸಿದ ಮೇಲೂ ಅದು ತಾನಿನ್ನೂ ಬೆಂಗಳೂರಿನಲ್ಲೇ ಇದ್ದೇನೆಂದು ನಂಬಿಕೊಂಡು ಕೆಲಸ ಮಾಡುವಂಥ ಏರ್ಪಾಟಿಗೆ ವಿಪಿಎನ್ ಫೋನು ಎಂದು ಹೆಸರು. ವಿಪಿಎನ್ ಎಂದರೆ ವರ್ಚುವಲ್ ಪ್ರೈವೇಟ್ ನೆಟ್‌ವರ್ಕ್. ಎಲ್ಲರೂ ಓಡಾಡುವ ಅಂತರ್ಜಾಲದ ಒಳಗೇ, ಹೊರಗಿನವರು ಇಣುಕಲಾಗದಂತೆ ಗೂಢಲಿಪಿಯಲ್ಲಿ ಮುಚ್ಚಿ, ಮನೆಯಿಂದ ಕಚೇರಿಯವರೆಗೆ ತೆಗೆದ ಖಾಸಗಿ ಹಾದಿ. ಈ ಹಾದಿಯನ್ನು ಬಲ್ಲವರು ಸುರಂಗವೆಂದೇ ಕರೆಯುತ್ತಾರೆ. ಮಧುಗಿರಿ, ಮಿಡಿಗೇಶಿ, ನಿಡಗಲ್ಲುಗಳಂಥ ಕೋಟೆಗಳ ಸೀಮೆಯಲ್ಲಿ ಈ ಬೆಟ್ಟದಿಂದ ಆ ಬೆಟ್ಟಕ್ಕೆ ಸುರಂಗವಿದೆಯೆಂದು ಆಣೆ ಮಾಡಿ ಹೇಳುವ ಹಿರಿಯರು ಊರಿಗೊಬ್ಬರಾದರೂ ಇರುವುದರಿಂದ ಈ ಪದವನ್ನು ಇಲ್ಲಿ ಯಾರಿಗೂ ವಿವರಿಸಬೇಕಾಗಿ ಬರಲಿಲ್ಲ. ಬೇಕಾದ ಹೊತ್ತಿಗೆ ಬಾಯಿ ಸಿಗದಿರುವ ಗುಣ ಮಾತ್ರ ಎರಡಕ್ಕೂ ಸಮಾನವೆಂಬುದು ಆಮೇಲೆ ತಿಳಿಯಿತು.

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡಗಳ ಮನೆಗಳಿಗೆ ಕಚೇರಿ ಬಂದು ಕೂತದ್ದು 2020ರಲ್ಲಿ. ಕಾಲ್ ಸೆಂಟರಿನಂಥ ಸಂಸ್ಥೆಗಳ ನೌಕರರು ಮನೆಯಿಂದ ಕೆಲಸ ಮಾಡುವುದಕ್ಕಿದ್ದ ಕಟ್ಟುಪಾಡುಗಳನ್ನು ಕೇಂದ್ರದ ದೂರಸಂಪರ್ಕ ಇಲಾಖೆ ಆ ವರ್ಷದ ಮಾರ್ಚ್ 13ರಂದು ಸಡಿಲಿಸಿತು; 25ರಿಂದ ದೇಶಕ್ಕೇ ಬೀಗ ಬಿತ್ತು; ನವೆಂಬರ್ 5ರ ಹೊಸ ಮಾರ್ಗಸೂಚಿಯಂತೆ ದೇಶದ ಯಾವ ಮೂಲೆಯಿಂದಲಾದರೂ ಕೆಲಸ ಮಾಡಬಹುದೆಂದಾಯಿತು. ಮಾರ್ಗಸೂಚಿಗೆ ದೇಶದ ಮೂಲೆಗಳು ಗೊತ್ತಿದ್ದವೇ ಹೊರತು ಮನೆಯ ಮೂಲೆಗಳು ಗೊತ್ತಿರಲಿಲ್ಲ. 1687ರಿಂದ 1757ರವರೆಗೆ ಮೊಗಲರ ಸುಬಾದ ರಾಜಧಾನಿಯಾಗಿ ದೂರದ ದೊರೆಯ ಅಪ್ಪಣೆಗೆ ಕಾದು ಕೂತ ಅನುಭವವಿದ್ದ ಸಿರಾಕ್ಕೆ ಈ ವ್ಯವಸ್ಥೆ ಅಷ್ಟೇನೂ ಹೊಸದಲ್ಲವೆನ್ನಬಹುದು.

ಮನೆಗೆ ಬಂದ ಫೋನಿನ ಮೊದಲ ರೋಗ ಅದು ಉಸಿರೇ ಆಡದಿರುವುದು. ಕಚೇರಿಯಲ್ಲಿ ಮಾತು ಹರಿಯುವ ನೆಟ್‌ವರ್ಕ್ ತಂತಿಯಲ್ಲೇ ಸುಮಾರು 48 ವೋಲ್ಟಿನ ವಿದ್ಯುತ್ತೂ ಹರಿಯುತ್ತಿದ್ದುದರಿಂದ ಫೋನಿಗೆ ಬೇರೆ ಪ್ಲಗ್ಗು ಬೇಕೆಂಬ ಸಂಗತಿ ಯಾರ ಗಮನಕ್ಕೂ ಬಂದಿರುವುದಿಲ್ಲ. ಮನೆಯ ರೂಟರಿನ ತಂತಿಯಲ್ಲಿ ಆ ಸೌಲಭ್ಯವಿಲ್ಲ. ಅಡಾಪ್ಟರನ್ನು ಕೊರಿಯರಿನಲ್ಲಿ ಕಳಿಸಿರುವುದಾಗಿ ಕಚೇರಿ ಹೇಳುತ್ತದೆ, ಕೊರಟಗೆರೆ ಬಸ್‌ಸ್ಟ್ಯಾಂಡಿಗೆ ಬಂದು ತೆಗೆದುಕೊಳ್ಳಿರೆಂದು ಕೊರಿಯರಿನವನು ಹೇಳುತ್ತಾನೆ.

ಎರಡನೆಯದು ರೂಟರಿನ ಪರೋಪಕಾರ. ಈ ಪ್ರಬಂಧದ ಮುಖ್ಯ ಆರೋಪಿಯೂ ಅದೇ. ರೂಟರೆಂದರೆ ಊರ ಕೇಬಲ್‌ನವರು ಗೋಡೆಗೆ ಮೊಳೆ ಹೊಡೆದು ನೇತುಹಾಕಿ ಹೋಗುವ, ಜನ ವೈಫೈ ಡಬ್ಬವೆನ್ನುವ ಪೆಟ್ಟಿಗೆ. ಮನೆಯೊಳಗಿನ ಪ್ರತಿ ಸಾಧನಕ್ಕೂ ಅದು ಸಾಮಾನ್ಯವಾಗಿ 192.168 ಎಂದು ಆರಂಭವಾಗುವ ಒಂದೊಂದು ಒಳವಿಳಾಸ ಕೊಟ್ಟು, ಹೊರಗೆ ಹೋಗುವಾಗ ಅವೆಲ್ಲವನ್ನೂ ಅಳಿಸಿ ಒಂದೇ ಹೊರವಿಳಾಸ ಬರೆದು ಕಳಿಸುತ್ತದೆ. ಈ ವಿಳಾಸ ಬದಲಾವಣೆಯ ಹೆಸರು ನ್ಯಾಟ್. ಇಂಟರ್ನೆಟ್ ಫೋನುಗಳು ಕರೆ ಕೂಡಿಸಲು ಬಳಸುವ, 2002ರಲ್ಲಿ ಈಗಿನ ರೂಪ ಪಡೆದ ಸಿಪ್ ಎಂಬ ಕ್ರಮದಲ್ಲಾದರೋ ವಿಳಾಸ ಲಕೋಟೆಯ ಮೇಲೆ ಮಾತ್ರವಲ್ಲ, ಒಳಗಿನ ಕಾಗದದಲ್ಲೂ ಇರುತ್ತದೆ. ಆದ್ದರಿಂದ ಕೆಲವು ರೂಟರುಗಳಲ್ಲಿ ಸಿಪ್ ಎಎಲ್‌ಜಿ ಎಂಬ ಸಹಾಯಕನನ್ನು ಕೂರಿಸಿರುತ್ತಾರೆ. ಹಿಂದೆ ಊರವರ ಕಾಗದಗಳನ್ನೆಲ್ಲ ತಾನೇ ಒಡೆದು, ಕಾಗುಣಿತ ತಿದ್ದಿ, ಹೊಲದ ಎಲ್ಲೆಯನ್ನೂ ಒಂದಿಷ್ಟು ತಿದ್ದಿ ಕಳಿಸುತ್ತಿದ್ದ ಶಾನುಭೋಗರಂತೆ ಈ ಸಹಾಯಕನೂ ಒಳಗಿನ ವಿಳಾಸವನ್ನು ತಿದ್ದುತ್ತಾನೆ, ಬಹಳ ಸಲ ತಪ್ಪಾಗಿ ತಿದ್ದುತ್ತಾನೆ. ಕೆಲವೊಮ್ಮೆ ಫೋನು ಬಡಿಯುತ್ತದೆ, ಎತ್ತಿದರೆ ಮಾತಿಲ್ಲ. ಕೆಲವೊಮ್ಮೆ ಮಾತು ಸೊಗಸಾಗಿ ನಡೆದು ಸರಿಯಾಗಿ 32 ಸೆಕೆಂಡಿಗೆ ಕಡಿದುಹೋಗುತ್ತದೆ. ಕರೆ ಎತ್ತಿದ ಸುದ್ದಿಗೆ ಒಪ್ಪಿಗೆಯ ಮರುಸಂದೇಶ ಬಾರದಿದ್ದರೆ ಅಷ್ಟು ಹೊತ್ತು ಕಾದು ಕೈಬಿಡಬೇಕೆಂಬುದು ಸಿಪ್‌ನ ನಿಯಮ. ಸಾಲದ ಕಂತು ಕೇಳಲು ಫೋನು ಮಾಡಿದವರ ಮಟ್ಟಿಗೆ ಈ 32 ಸೆಕೆಂಡು ಕ್ಷೇಮಸಮಾಚಾರಕ್ಕೇ ಮುಗಿದುಹೋಗಿ, ವಿಷಯ ಬಂದೊಡನೆ ಕರೆ ಸಾಯುತ್ತಿತ್ತಾದ್ದರಿಂದ, ಸಾಲಗಾರರಲ್ಲಿ ಯಾರೂ ಈ ದೋಷದ ಬಗ್ಗೆ ದೂರು ಕೊಟ್ಟಂತಿಲ್ಲ.

ಈ ಸಹಾಯಕನ ಕಣ್ಣಿಗೆ ಬೀಳದಂತೆ ಕಾಗದವನ್ನು ಸಾಗಿಸುವುದೂ ಸುರಂಗದ ಒಂದು ಪ್ರಯೋಜನ. ಗೂಢಲಿಪಿಯಲ್ಲಿ ಬರೆದದ್ದನ್ನು ತಿದ್ದಲಾಗದು. ಆದರೆ ಸುರಂಗಕ್ಕೂ ಅದರದೇ ರೋಗಗಳಿವೆ. ಅಂತರ್ಜಾಲದಲ್ಲಿ ಮಾಹಿತಿ ಪ್ಯಾಕೆಟ್ ಎಂಬ ತುಂಡುಗಳಾಗಿ ಸಾಗುತ್ತದೆ, ಒಂದು ತುಂಡಿನ ಗರಿಷ್ಠ ಅಳತೆ ಸಾಮಾನ್ಯವಾಗಿ 1500 ಬೈಟು. ಬಳಕೆದಾರರ ಹೆಸರು, ಪಾಸ್‌ವರ್ಡು ಕೇಳುವ ಪಿಪಿಪಿಒಇ ಸಂಪರ್ಕವಾದರೆ ಅದರಲ್ಲಿ 8 ಬೈಟು ಮುರಿದುಕೊಂಡು 1492 ಉಳಿಸುತ್ತದೆ, ಸುರಂಗದ ಹೊದಿಕೆ ಇನ್ನಷ್ಟನ್ನು ನುಂಗುತ್ತದೆ. ಮಾತಿನ ಪ್ಯಾಕೆಟ್ಟುಗಳು ಇನ್ನೂರು ಬೈಟಿನ ಆಸುಪಾಸಿನವಾದ್ದರಿಂದ ನಿರಾಯಾಸವಾಗಿ ದಾಟುತ್ತವೆ. ಆದರೆ ಫೋನು ಬೆಳಗ್ಗೆ ಎದ್ದು ಕಚೇರಿಗೆ ತೋರಿಸಬೇಕಾದ ಡಿಜಿಟಲ್ ಪ್ರಮಾಣಪತ್ರ ದೊಡ್ಡದು, ಅದು ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಮಾತಾಡಬಲ್ಲ ಫೋನು ಒಳಗೆ ಬರಲಾರದೆ ಪರದೆಯ ಮೇಲೆ ‘ರಿಜಿಸ್ಟರಿಂಗ್’ ಎಂದು ತೋರಿಸುತ್ತ ಮಧ್ಯಾಹ್ನದವರೆಗೆ ಕೂತಿರುವುದಕ್ಕೆ ಇದು ಕಾರಣವಾಗಿರಬಹುದು, ಪ್ಯಾಕೆಟ್ಟಿನ ಅಳತೆಯನ್ನು 1400ಕ್ಕೋ 1350ಕ್ಕೋ ಇಳಿಸುವುದು ಪರಿಹಾರ. ಕರೆಂಟು ಹೋಗಿ ಬಂದಾಗ ಗಡಿಯಾರ ಮರೆಯುವ ಫೋನುಗಳ ಕಥೆ ಇನ್ನೊಂದು: ಇಸವಿ 1970 ಎಂದು ತಿಳಿದುಕೊಂಡ ಫೋನಿಗೆ ಕಚೇರಿಯ ಪ್ರಮಾಣಪತ್ರ ಇನ್ನೂ ಹುಟ್ಟೇ ಇಲ್ಲವೆನಿಸಿ, ಅದು ಸುರಂಗದ ಬಾಗಿಲಲ್ಲೇ ತಗಾದೆ ತೆಗೆಯುತ್ತದೆ. ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವಿರುವ ಪಾವಗಡದಲ್ಲಿ ಒಂದು ರೂಟರನ್ನು ಉಸಿರಾಡಿಸಿಡಲು ಅಂಗಡಿಯಿಂದ ಪುಟ್ಟ ಯುಪಿಎಸ್ಸು ತರಬೇಕಾಗುತ್ತದೆಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ನೆನೆಯಬಹುದು.

ಎಲ್ಲಕ್ಕಿಂತ ವಿಚಿತ್ರವಾದದ್ದು ಒಮ್ಮುಖ ಶ್ರವಣ. ಸಿರಾದ ಮನೆಯಲ್ಲೊಂದು, ಮಧುಗಿರಿಯ ಮನೆಯಲ್ಲೊಂದು ವಿಪಿಎನ್ ಫೋನಿದ್ದು, ಎರಡೂ ಬೆಂಗಳೂರಿನೊಡನೆ ಚೆನ್ನಾಗಿ ಮಾತಾಡಿಕೊಂಡಿರುತ್ತವೆ. ಅವುಗಳು ತಮ್ಮೊಳಗೆ ಮಾತಾಡಹೊರಟರೆ ಮಾತ್ರ ಒಬ್ಬರಿಗೆ ಕೇಳುತ್ತದೆ, ಇನ್ನೊಬ್ಬರಿಗೆ ಇಲ್ಲ, ಅಥವಾ ಇಬ್ಬರಿಗೂ ಇಲ್ಲ. ಕರೆ ಕೂಡಿಸುವ ಸಂದೇಶಗಳು ಕಚೇರಿಯ ಸರ್ವರಿನ ಮೂಲಕ ಹೋಗುತ್ತವೆ, ಕೂಡಿದ ಮೇಲೆ ಧ್ವನಿ ಒಂದು ಫೋನಿನ ವಿಳಾಸದಿಂದ ಇನ್ನೊಂದರ ವಿಳಾಸಕ್ಕೆ ನೇರ ಹೋಗಲು ನೋಡುತ್ತದೆ. ಒಂದು ಸುರಂಗದಿಂದ ಬಂದ ಧ್ವನಿಯನ್ನು ಮತ್ತೊಂದು ಸುರಂಗಕ್ಕೆ ಇಳಿಸಲು ಕಚೇರಿಯ ಫೈರ್‌ವಾಲಿಗೆ ಯಾರೂ ಅಪ್ಪಣೆ ಕೊಟ್ಟಿರುವುದಿಲ್ಲ. ದೋಷ ಇರುವುದು ಬೆಂಗಳೂರಿನಲ್ಲಿ, ಕಿರುಚಾಟ ಕೇಳುವುದು ಎರಡು ತಾಲ್ಲೂಕುಗಳಲ್ಲಿ. ಟ್ರಂಕ್ ಕಾಲ್ ಕಾಲದಿಂದಲೂ ದೂರದವರೊಡನೆ ದೊಡ್ಡ ದನಿಯಲ್ಲೇ ಮಾತಾಡಬೇಕೆಂದು ನಂಬಿದ ಮನೆಯ ಅಜ್ಜಿ, “ಅಂಗಲ್ಲ ಕಣಪ್ಪಾ, ಇನ್ನೊಸಿ ಜೋರಾಗಿ ಕೂಗು, ಆಗ ಕೇಳ್ತೈತೆ” ಎನ್ನುತ್ತಾಳೆ; ಒಂದು ಹಂತದಲ್ಲಿ ಸಹಾಯವಾಣಿಯ ಸಲಹೆಗಿಂತ ಇದು ಹೆಚ್ಚು ಕಾರ್ಯಸಾಧ್ಯವಾಗಿ ಕಾಣುತ್ತದೆ.

ಸಹಾಯವಾಣಿಯ ಸಲಹೆ ಎಲ್ಲರಿಗೂ ಗೊತ್ತಿರುವಂಥದ್ದೇ: ರೂಟರನ್ನು ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡುವುದು. ಇದನ್ನು ಗೇಲಿ ಮಾಡುವವರುಂಟು, ಆದರೆ ಶಾಸ್ತ್ರಾಧಾರವಿಲ್ಲದ ಸಲಹೆಯಲ್ಲ ಇದು; ಯಾವ ಒಳವಿಳಾಸಕ್ಕೆ ಯಾವ ಹೊರದಾರಿ ಎಂಬ ರೂಟರಿನ ಪಟ್ಟಿ ಕೆಟ್ಟಿದ್ದರೆ ವಿದ್ಯುತ್ತು ಹೋದಾಗ ಅದು ಅಳಿಸಿ ಹೊಸದಾಗಿ ಹುಟ್ಟುತ್ತದೆ. ಅದೂ ಸಾಗದಿದ್ದರೆ ಕೇಬಲ್‌ನವರಿಗೆ ಹೇಳಿಕಳಿಸುವುದು. ಅವರು ಬಂದು ಕೆಂಪು ದೀಪ ಉರಿಯುತ್ತಿಲ್ಲವೆಂದು ಖಚಿತಪಡಿಸಿಕೊಂಡು, ತಮ್ಮ ಮೊಬೈಲಿನಲ್ಲಿ ಒಂದು ಯೂಟ್ಯೂಬ್ ವಿಡಿಯೊ ಓಡಿಸಿ, “ನೋಡಿ ಅಣ್ಣ, ನೆಟ್ಟು ಬತ್ತೈತಲ್ಲ” ಎಂದು ತೀರ್ಪು ಕೊಟ್ಟು ಹೋಗುತ್ತಾರೆ. ವಿಡಿಯೊ ಕೆಲವು ಸೆಕೆಂಡಿನಷ್ಟನ್ನು ಮುಂಚೆಯೇ ತುಂಬಿಟ್ಟುಕೊಂಡು ಓಡುವುದರಿಂದ ಅಡಚಣೆ ತಿಳಿಯುವುದಿಲ್ಲ, ಮಾತಿಗೆ ಆ ಅನುಕೂಲವಿಲ್ಲ; ಒಂದು ಕಡೆಯ ವಿಳಂಬ 150 ಮಿಲಿಸೆಕೆಂಡು ಮೀರಿದರೆ ಸಂಭಾಷಣೆ ಎಡವತೊಡಗುತ್ತದೆಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನದಂಡ. ಇದನ್ನು ಬಾಗಿಲಲ್ಲಿ ನಿಂತು ವಿವರಿಸುವಷ್ಟರಲ್ಲಿ ಕೇಬಲ್‌ನವರ ಬೈಕು ತಿರುವು ದಾಟಿರುತ್ತದೆ.

ಇಷ್ಟೆಲ್ಲ ಆಗಿ ಫೋನು ಸರಿಹೋದಾಗ ಉಳಿಯುವ ತೊಡಕು ಭೂಗೋಳದ್ದು. ಸಿರಾ, ಪಾವಗಡ, ಮಧುಗಿರಿ, ಕೊರಟಗೆರೆಗಳಿಗೆ 08135, 08136, 08137, 08138 ಎಂದು ಸಾಲಾಗಿ ಎಸ್‌ಟಿಡಿ ಸಂಖ್ಯೆ ಹಂಚಿದ ಕಾಲದಲ್ಲಿ ಸಂಖ್ಯೆ ನೋಡಿದರೆ ಊರು ತಿಳಿಯುತ್ತಿತ್ತು. ಈಗ ಪಾವಗಡದ ಗಡಿಹಳ್ಳಿಯ ನೌಕರ ಕೂತಿರುವುದು ತುಮಕೂರು ಜಿಲ್ಲೆಯಲ್ಲಿ, ಅವನ ಮೊಬೈಲು ಆಗಾಗ ಜೋತುಬೀಳುವುದು ಆಂಧ್ರದ ಟವರಿಗೆ, ಮನೆಯಲ್ಲಿ ಆಡುವುದು ತೆಲುಗು ಬೆರೆತ ಕನ್ನಡ, ಮೇಜಿನ ಮೇಲಿನ ಫೋನು ಹೊರಗಿನವರಿಗೆ ತೋರಿಸುವುದು ಬೆಂಗಳೂರಿನ 080. ಗಿರಾಕಿಗಳಿಗೆ ಇದರಿಂದ ನಷ್ಟವೇನಿಲ್ಲ. ಆದರೆ ಮನೆಯಲ್ಲಿ ಯಾರಿಗಾದರೂ ಎದೆನೋವು ಬಂದಾಗ, ಕೈಗೆ ಹತ್ತಿರವಿದೆಯೆಂದು ಈ ಫೋನಿನಲ್ಲೇ 112 ಒತ್ತಿದರೆ, ಕರೆ ಹೊರಬೀಳುವುದು ಬೆಂಗಳೂರಿನ ಕಚೇರಿಯ ಲೈನಿನಿಂದ. ತುರ್ತುಸೇವೆಯವರಿಗೆ ಕಾಣುವುದೂ ಅಲ್ಲಿನ ಸಂಖ್ಯೆಯೇ. ಅಂಥ ಹೊತ್ತಿನಲ್ಲಿ ಓದುಗರು ದಯವಿಟ್ಟು ಮೊಬೈಲಿನಿಂದ ಕರೆ ಮಾಡಿ, ಊರಿನ ಹೆಸರನ್ನು ತಾಲ್ಲೂಕುಸಮೇತ ಬಾಯಿಬಿಟ್ಟು ಹೇಳಬೇಕು.