ಡಿಕ್ಕಿಯೊಳಗಿನ ಶಾಸ್ತ್ರಜ್ಞ

ಸ್ವಂತ ಕಾರುಳ್ಳ ಕನ್ನಡಿಗರಲ್ಲಿ ಒಂದು ವಿಶಿಷ್ಟ ವರ್ಗವಿದ್ದು, ಬೆಂಗಳೂರಿನ ಜೆ.ಸಿ. ರಸ್ತೆಯ ಕಾರು ಸಾಮಗ್ರಿಗಳ ಅಂಗಡಿಗಳ ಮುಂದೆ ಅದನ್ನು ಸುಲಭವಾಗಿ ಗುರುತಿಸಬಹುದು. ಹೊಸ ಕಾರು ಬಂದಾಗ ಮನೆಯ ಇತರರು ಸೀಟಿನ ಮೆತ್ತೆಯನ್ನೂ ಎ.ಸಿ.ಯ ತಂಪನ್ನೂ ಪರೀಕ್ಷಿಸುತ್ತಿದ್ದರೆ, ಈ ವರ್ಗದ ಗೃಹಸ್ಥನು ಚಕ್ರದಡಿಯ ನಿಂಬೆಹಣ್ಣು ಅಪ್ಪಚ್ಚಿಯಾಗುವ ಮೊದಲೇ ಡಿಕ್ಕಿ ತೆರೆದು, ಒಳಗೆ ತಲೆ ತೂರಿಸಿ, ಅಳತೆಯ ಟೇಪು ಹಿಡಿದಿರುತ್ತಾನೆ. 2018ರ ಮಾದರಿಯ ಸ್ವಿಫ್ಟಿನ ಡಿಕ್ಕಿ 268 ಲೀಟರು, 2019ರ ವ್ಯಾಗನ್ ಆರ್‌ನದು 341 ಲೀಟರು ಎಂಬುದು ಈತನಿಗೆ ಕಂಠಪಾಠ. ಲಗೇಜಿಗೆಂದು ಕಂಪನಿಯವರು ಬಿಟ್ಟಿರುವ ಆ ಜಾಗದಲ್ಲಿ ಎಷ್ಟು ಲೀಟರನ್ನು ಸಬ್‌ವೂಫರಿನ ಪೆಟ್ಟಿಗೆಗೆ ಒಪ್ಪಿಸಬೇಕು ಎಂಬುದೊಂದೇ ಈತನ ಜೀವಮಾನದ ಸಂಶೋಧನೆಯ ವಿಷಯವಾಗಿರುವುದರಿಂದ ಇವನನ್ನು ಡಿಕ್ಕಿ ಶಾಸ್ತ್ರಜ್ಞನೆಂದು ಕರೆಯುವುದು ಉಚಿತ.

ಸಬ್‌ವೂಫರ್ ಎಂದರೆ ಸಂಗೀತದ ಅತ್ಯಂತ ತಗ್ಗಿನ ಸ್ವರಗಳನ್ನು, ಸ್ಥೂಲವಾಗಿ ಸೆಕೆಂಡಿಗೆ 20ರಿಂದ 80 ಬಾರಿ ಕಂಪಿಸುವ ಧ್ವನಿಗಳನ್ನು, ಹೊರಡಿಸುವ ದೊಡ್ಡ ಸ್ಪೀಕರು. ಸೆಕೆಂಡಿಗೊಂದು ಕಂಪನವನ್ನು ಒಂದು ಹರ್ಟ್ಜ್ ಎನ್ನುತ್ತಾರೆ. ಈ ಸ್ಪೀಕರಿಗೆ ಪೆಟ್ಟಿಗೆಯೇಕೆ ಬೇಕು ಎಂದು ಯಾರಾದರೂ ಬಾಯಿತಪ್ಪಿ ಕೇಳಿದರೆ, ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತಿದ್ದರೂ ಶಾಸ್ತ್ರಜ್ಞನು ಬಾಳೆಯೆಲೆಯನ್ನೇ ಸ್ಪೀಕರಿನ ಕೋನ್ ಎಂದು ಭಾವಿಸಿ ವಿವರಣೆಗೆ ತೊಡಗುತ್ತಾನೆ. ಕೋನ್ ಮುಂದಕ್ಕೆ ಚಲಿಸಿದಾಗ ಅದರ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ, ಹಿಂದಿನ ಗಾಳಿ ಅದೇ ಕ್ಷಣದಲ್ಲಿ ಸಡಿಲಗೊಳ್ಳುತ್ತದೆ. ತಗ್ಗಿನ ಸ್ವರಗಳಲ್ಲಿ ಈ ಎರಡು ಅಲೆಗಳು ಕೋನಿನ ಅಂಚನ್ನು ಬಳಸಿ ಬಂದು ಒಂದನ್ನೊಂದು ಅಳಿಸಿಹಾಕುವುದರಿಂದ, ಪೆಟ್ಟಿಗೆಯಿಲ್ಲದ ಸಬ್‌ವೂಫರು ಎಷ್ಟು ಕುಣಿದರೂ ಕೇಳುವವನಿಗೆ ಏನೂ ದಕ್ಕುವುದಿಲ್ಲ. ಹಿಂದಿನ ಅಲೆಯನ್ನು ಬಂಧಿಸಿಡುವುದೋ, ದಾರಿ ತಿದ್ದಿ ಉಪಯೋಗಿಸಿಕೊಳ್ಳುವುದೋ ಎಂಬ ಪ್ರಶ್ನೆಯಲ್ಲೇ ಈ ಶಾಸ್ತ್ರದ ಎರಡು ಪಂಥಗಳು ಹುಟ್ಟಿವೆ. ಪ್ರಶ್ನೆ ಕೇಳಿದವನ ಎಲೆಗೆ ಅಷ್ಟರಲ್ಲಿ ಮಜ್ಜಿಗೆ ಬಂದಿರುತ್ತದೆ.

ಬಂಧಿಸಿಡುವ ಪಂಥದ್ದು ಸೀಲ್ಡ್, ಅಂದರೆ ಗಾಳಿಯಾಡದಂತೆ ಪೂರ್ತಿ ಮುಚ್ಚಿದ ಪೆಟ್ಟಿಗೆ. ಒಳಗೆ ಸಿಕ್ಕಿಬಿದ್ದ ಗಾಳಿಯೇ ಕೋನಿಗೆ ಸ್ಪ್ರಿಂಗಾಗಬಲ್ಲದೆಂಬುದನ್ನು ಆಧರಿಸಿ ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಚಿಕ್ಕ ಸ್ಪೀಕರು ಪೆಟ್ಟಿಗೆಯೊಂದನ್ನು ರೂಪಿಸಿದ. ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿ ಕಿಂಡಿಯುಳ್ಳ ಪೆಟ್ಟಿಗೆಗಳ ಕುರಿತು ಪ್ರಬಂಧ ಬರೆದು, 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ವಿಸ್ತರಿಸಿದ ಮೇಲೆ, ಪೆಟ್ಟಿಗೆ ಕಟ್ಟುವುದು ಅಂದಾಜಿನ ಕಸುಬಾಗಿ ಉಳಿಯದೆ ಗಣಿತವಾಯಿತು. ಇವರಿಬ್ಬರ ಹೆಸರಿನಲ್ಲೇ ಪ್ರಸಿದ್ಧವಾಗಿರುವ ಅಂಕಿಗಳು ಸಬ್‌ವೂಫರುಗಳ ಜೊತೆಗೆ ಸಾಮಾನ್ಯವಾಗಿ ಮುದ್ರಿತವಾಗಿ ಬರುತ್ತವೆ. ಸ್ಪೀಕರು ತಾನಾಗಿ ಕಂಪಿಸುವ ವೇಗ, ಅದರ ಬಿಗುವಿಗೆ ಸಮನಾದ ಗಾಳಿಯ ಪ್ರಮಾಣ, ಕಂಪನವನ್ನು ಅದು ಎಷ್ಟು ಬೇಗ ನಿಲ್ಲಿಸಿಕೊಳ್ಳುತ್ತದೆ ಎಂಬ ಗುಣಾಂಕ ಇವೆಲ್ಲ ಸೇರಿ ಸ್ಪೀಕರಿನ ಜಾತಕವಾಗುತ್ತವೆ. ಮಗಳ ಜನ್ಮನಕ್ಷತ್ರವನ್ನು ಹೆಂಡತಿಯಿಂದ ಕೇಳಿ ತಿಳಿಯುವ ಶಾಸ್ತ್ರಜ್ಞನಿಗೆ ತನ್ನ ಹನ್ನೆರಡು ಇಂಚಿನ ಸಬ್‌ವೂಫರಿನ ಗುಣಾಂಕ 0.45, ಗಾಳಿಯ ಪ್ರಮಾಣ 50 ಲೀಟರು ಎಂಬುದು ನಿದ್ದೆಯಲ್ಲೂ ನಾಲಿಗೆಯ ತುದಿಯಲ್ಲಿರುತ್ತದೆ. ತಗ್ಗಿನವರೆಗೂ ಸಮತಟ್ಟಾಗಿ ನುಡಿಯುವ ಪೆಟ್ಟಿಗೆಯ ಗುಣಾಂಕ 0.707 ಇರಬೇಕೆಂಬುದು ಸೂತ್ರ; ಅದರಲ್ಲಿ ಈ ಅಂಕಿಗಳನ್ನಿಟ್ಟರೆ 34 ಲೀಟರಿನ ಮುಚ್ಚಿದ ಪೆಟ್ಟಿಗೆ ಎಂಬ ಉತ್ತರ ಹೊರಡುತ್ತದೆ. ಹಲಗೆಯ ದಪ್ಪವನ್ನೂ ಸ್ಪೀಕರಿನ ಮೈಯನ್ನೂ ಸೇರಿಸಿದರೆ ಡಿಕ್ಕಿಯಲ್ಲಿ ಅದು 50 ಲೀಟರಿನ ಆಸುಪಾಸು ಜಾಗ ಹಿಡಿಯುತ್ತದೆ.

ಇದು ಸರಿಯಾದ ಉತ್ತರ, ಮತ್ತು ಶಾಸ್ತ್ರಜ್ಞನ ಸಂಕಟವೆಲ್ಲ ಶುರುವಾಗುವುದೇ ಇಲ್ಲಿಂದ. 40 ಹರ್ಟ್ಜ್ ಸ್ವರದ ಅಲೆಯ ಉದ್ದ ಎಂಟೂವರೆ ಮೀಟರು, ತೆರಿಗೆ ರಿಯಾಯಿತಿಗೆಂದು ನಾಲ್ಕು ಮೀಟರಿನೊಳಗೆ ಮಡಚಿಟ್ಟಂತಿರುವ ನಮ್ಮ ಸಣ್ಣ ಕಾರುಗಳ ಎರಡು ಪಟ್ಟಿಗೂ ಹೆಚ್ಚು. ಅಷ್ಟು ಉದ್ದದ ಅಲೆಗೆ ಕಾರಿನೊಳಗೆ ಹರಡಿಕೊಳ್ಳಲು ತಾವಿಲ್ಲದೆ ಇಡೀ ಕ್ಯಾಬಿನ್ನಿನ ಗಾಳಿ ಒಟ್ಟಿಗೆ ಒತ್ತಿ ಸಡಿಲಗೊಳ್ಳುವುದರಿಂದ, ತಗ್ಗಿನ ಸ್ವರಗಳಿಗೆ ಬಿಟ್ಟಿಯಾಗಿಯೇ ಬಲ ಬರುತ್ತದೆ. ಮನೆಯ ಹಾಲಿನಲ್ಲಿ ಸಪ್ಪೆಯೆನಿಸುವ ಚಿಕ್ಕ ಮುಚ್ಚಿದ ಪೆಟ್ಟಿಗೆ ಕಾರಿನಲ್ಲಿ ಧಾರಾಳವಾಗಿ ಸಾಕಾಗುತ್ತದೆ. ಇದನ್ನು ಬಲ್ಲ ಶಾಸ್ತ್ರಜ್ಞನು ಸಲಹೆ ಕೇಳಿ ಬಂದ ಭಾವಮೈದುನನಿಗೂ ಆಫೀಸಿನ ಹುಡುಗರಿಗೂ ತಪ್ಪದೆ ಅದನ್ನೇ ಹೇಳುತ್ತಾನೆ. ತನ್ನ ಕಾರಿಗೆ ಮಾತ್ರ ಎರಡನೆಯ ಪಂಥದ ಪೆಟ್ಟಿಗೆಯನ್ನೇ ಮಾಡಿಸುತ್ತಾನೆ.

ಎರಡನೆಯದು ಪೋರ್ಟೆಡ್, ಅಂದರೆ ಕಿಂಡಿಯುಳ್ಳ ಪೆಟ್ಟಿಗೆ. ಬೆಲ್ ಪ್ರಯೋಗಾಲಯದ ಆಲ್ಬರ್ಟ್ ಥುರಾಸ್ 1932ರಲ್ಲಿ ಪೇಟೆಂಟ್ ಪಡೆದ ಈ ವಿನ್ಯಾಸದಲ್ಲಿ ಕಿಂಡಿಯ ಕೊಳವೆಯಲ್ಲಿರುವ ಗಾಳಿ ಒಳಗಿನ ಗಾಳಿಯ ಸ್ಪ್ರಿಂಗಿನ ಮೇಲೆ ಕುಪ್ಪಳಿಸಿ, ಒಂದು ನಿರ್ದಿಷ್ಟ ಸ್ವರದಲ್ಲಿ ಸ್ಪೀಕರಿನ ಜೊತೆಗೆ ತಾನೂ ನುಡಿಯುತ್ತದೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಹತ್ತೊಂಬತ್ತನೆಯ ಶತಮಾನದಲ್ಲಿ ವಿವರಿಸಿದ ಈ ತತ್ವವೇ ನಮ್ಮ ಕಛೇರಿಗಳ ಘಟವಾದ್ಯದಲ್ಲೂ ಕೆಲಸ ಮಾಡುತ್ತದೆ. ವಾದಕರು ಘಟದ ಬಾಯಿಯನ್ನು ಹೊಟ್ಟೆಗೆ ಒತ್ತಿ ಸಡಿಲಿಸಿ ನಾದವನ್ನು ಏರಿಳಿಸುವುದು ಇದರ ಬಲದಿಂದಲೇ. ಮೃದಂಗ, ತಬಲಾಗಳ ನಾದದ ಕುರಿತು ಸಿ.ವಿ. ರಾಮನ್ 1934ರಲ್ಲಿ, ಬೆಂಗಳೂರಿನಲ್ಲಿದ್ದಾಗ, ಪ್ರಬಂಧ ಪ್ರಕಟಿಸಿದ್ದರೆಂಬುದನ್ನೂ ಶಾಸ್ತ್ರಜ್ಞನು ಸಂದರ್ಭ ನೋಡಿ ಸೇರಿಸುವುದುಂಟು. ಆ ಪ್ರಬಂಧಕ್ಕೂ ಡಿಕ್ಕಿಗೂ ಯಾವ ಸಂಬಂಧವೂ ಇಲ್ಲದಿದ್ದರೂ ಪರಂಪರೆಯೊಂದು ಇದ್ದರೆ ಕೆಟ್ಟದ್ದೇನಲ್ಲ.

60 ಲೀಟರಿನ ಪೆಟ್ಟಿಗೆಯನ್ನು 35 ಹರ್ಟ್ಜಿಗೆ ಶ್ರುತಿ ಮಾಡಬೇಕಾದರೆ ನಾಲ್ಕು ಇಂಚು ಒಳವ್ಯಾಸದ ಕೊಳವೆ ಸುಮಾರು 25 ಸೆಂಟಿಮೀಟರು ಉದ್ದವಿರಬೇಕು. ಕತ್ತರಿಸಿ ಗಿಡ್ಡ ಮಾಡಿದರೆ ಶ್ರುತಿ ಏರುತ್ತದೆ, ಕೊಳವೆ ತೀರಾ ಸಪೂರವಾದರೆ ಗಾಳಿ ಬುಸುಗುಟ್ಟುತ್ತದೆ. ಈ ವಿವರಗಳೊಂದಿಗೆ ಪಿವಿಸಿ ಪೈಪಿನ ಅಂಗಡಿಗೆ ಹೋದ ಶಾಸ್ತ್ರಜ್ಞನನ್ನು ಅಂಗಡಿಯವನು "ಬಚ್ಚಲಿಗಾ ಸಾರ್, ಪಾಯಿಖಾನೆಗಾ?" ಎಂದು ವಿಚಾರಿಸಿದಾಗ, "35 ಹರ್ಟ್ಜಿಗೆ" ಎಂಬ ಉತ್ತರ ಬರುತ್ತದೆ. ಹರ್ಟ್ಜ್ ಎಂಬುದು ಯಾವುದೋ ಹೊಸ ಬಡಾವಣೆಯಿರಬೇಕೆಂದು ತಿಳಿದು ಅಂಗಡಿಯವನು ಪೈಪು ಕತ್ತರಿಸಿಕೊಡುತ್ತಾನೆ.

ಮುಂದಿನ ಘಟ್ಟ ಬಡಗಿಯದು. ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ, ಭಾರವಾದ ಎಂಡಿಎಫ್ ಹಲಗೆ ಒಳ್ಳೆಯದೋ, ಹಗುರವಾದರೂ ನೀರಿಗೆ ಅಷ್ಟು ಸುಲಭವಾಗಿ ಉಬ್ಬದ ಪ್ಲೈವುಡ್ ಒಳ್ಳೆಯದೋ ಎಂಬ ಚರ್ಚೆ ಮುಗಿಯುವ ಹೊತ್ತಿಗೆ ಆಚಾರ್ರು ಎರಡು ಬೀಡಿ ಮುಗಿಸಿರುತ್ತಾರೆ. "ಆಚಾರ್ರೇ, 18 ಮಿಲಿಮೀಟರು ಹಲಗೆ, ಅಗಲ, ಎತ್ತರ, ಆಳ ಮೂರೂ ಸುವರ್ಣ ಅನುಪಾತದಲ್ಲಿರಬೇಕು" ಎಂದು ಶಾಸ್ತ್ರಜ್ಞನು ನಕ್ಷೆ ಹರಡುತ್ತಾನೆ. ಪೆಟ್ಟಿಗೆಯೊಳಗೆ ಅಲೆಗಳು ಗೋಡೆಯಿಂದ ಗೋಡೆಗೆ ಪುಟಿದು ಒಂದೆಡೆ ನಿಲ್ಲದಿರಲೆಂಬುದು ಈ ಅನುಪಾತದ ಉದ್ದೇಶ. ಆದರೆ ಸಬ್‌ವೂಫರಿನ ಅಲೆಗಳು ಮೀಟರುಗಟ್ಟಲೆ ಉದ್ದವಿರುವುದರಿಂದ ಅರ್ಧ ಮೀಟರಿನ ಪೆಟ್ಟಿಗೆಯೊಳಗೆ ಅವು ಹಾಗೆ ನಿಲ್ಲುವ ಪ್ರಶ್ನೆಯೇ ಬರುವುದಿಲ್ಲ, ಲೀಟರು ಸರಿಯಿದ್ದರೆ ಆಕಾರ ಹೇಗಿದ್ದರೂ ನಡೆಯುತ್ತದೆ ಎಂಬುದೂ ಈತನಿಗೆ ಗೊತ್ತಿರುವ ಸಂಗತಿಯೇ. ನಕ್ಷೆಯನ್ನು ತಿರುಗಿಸಿ ಮುರುಗಿಸಿ ನೋಡಿದ ಆಚಾರ್ರು "ಇದಕ್ಕೆ ಬಾಗಿಲು ಎಲ್ಲಿಡ್ಲಿ ಸಾರ್?" ಎಂಬ ಒಂದೇ ಪ್ರಶ್ನೆ ಕೇಳುತ್ತಾರೆ.

ಎರಡು ಕೋಣೆಗಳಿದ್ದು ಕಿಂಡಿಯೊಂದರಿಂದಲೇ ಶಬ್ದ ಹೊರಬರುವ ಬ್ಯಾಂಡ್‌ಪಾಸ್ ಎಂಬ ಮೂರನೆಯ ಬಗೆಯೂ ಇದೆ. ಅದನ್ನು ಮಾಡಲು ಹೋದವರು ಸಾಮಾನ್ಯವಾಗಿ ಅದರ ಬಗ್ಗೆ ಮಾತನಾಡುವುದಿಲ್ಲ.

ಸಿದ್ಧವಾದ ಪೆಟ್ಟಿಗೆ ಹೊರ ಅಳತೆಯಲ್ಲಿ 85 ಲೀಟರು, ಸ್ವಿಫ್ಟಿನ ಡಿಕ್ಕಿಯ ಮೂರರಲ್ಲೊಂದು ಭಾಗ. ಸ್ಟೆಪ್ನಿ ಅದರ ಅಡಿಯಲ್ಲಿ ಹುದುಗಿಹೋಗುವುದರಿಂದ, ಹೆದ್ದಾರಿಯಲ್ಲಿ ಪಂಕ್ಚರಾದರೆ ಮೊದಲು ಸಂಗೀತವನ್ನು ಇಳಿಸಬೇಕು. ಸಂಕ್ರಾಂತಿಗೆ ಊರಿಗೆ ಹೋಗಿ ಬರುವಾಗ ಅಕ್ಕಿಮೂಟೆ, ತೆಂಗಿನಕಾಯಿ, ಹಲಸಿನ ಹಪ್ಪಳದ ಡಬ್ಬಗಳೆಲ್ಲ ಹಿಂದಿನ ಸೀಟಿಗೂ, ಹಿಂದಿನ ಸೀಟಿನವರು ಒಬ್ಬರಿನ್ನೊಬ್ಬರ ತೊಡೆಯ ಮೇಲಕ್ಕೂ ವರ್ಗವಾಗುತ್ತಾರೆ. "ರೀ, ಆ ಡಬ್ಬ ಇಳಿಸ್ತೀರೋ, ನಮ್ಮಮ್ಮನ್ನ ಬಸ್ಸಿಗೆ ಹತ್ತಿಸ್ತೀರೋ?" ಎಂಬ ಪ್ರಶ್ನೆ ಎದುರಾದಾಗ ಈತ ತೋರುವ ಮೌನವನ್ನು ಅತ್ತೆಯವರು ಸರಿಯಾಗಿಯೇ ಅರ್ಥಮಾಡಿಕೊಳ್ಳುತ್ತಾರೆ. 34 ಲೀಟರಿನ ಪೆಟ್ಟಿಗೆಯಾಗಿದ್ದರೆ ಅಕ್ಕಿಯಾದರೂ ಡಿಕ್ಕಿ ಸೇರುತ್ತಿತ್ತು ಎಂಬ ಲೆಕ್ಕವನ್ನು ಈತ ಮಾಡಿರುವುದಿಲ್ಲ ಎಂದಲ್ಲ.

ಇಷ್ಟೆಲ್ಲ ಸಿದ್ಧತೆಯ ನಂತರ ಶಾಸ್ತ್ರಜ್ಞನು ಸಂಗೀತ ಕೇಳುತ್ತಾನೆಯೇ ಎಂದರೆ, ಖಚಿತವಾಗಿ ಹೇಳುವುದು ಕಷ್ಟ. ಡೊಳ್ಳಿನ ಒಂದು ಏಟು, ಸಿನಿಮಾ ಹಾಡೊಂದರ ಆರಂಭದ ಗುಡುಗು, ಇವುಗಳನ್ನು ಮತ್ತೆ ಮತ್ತೆ ಹಾಕಿ ಕಿವಿಗಿಂತ ಹೆಚ್ಚಾಗಿ ಪಕ್ಕೆಲುಬುಗಳಿಂದ ಪರೀಕ್ಷಿಸುವ ಈತನಿಗೆ ಪಲ್ಲವಿಯ ಎರಡನೆಯ ಸಾಲಿನಿಂದಾಚೆ ಯಾವ ಹಾಡೂ ಪರಿಚಯವಿಲ್ಲ, ಚರಣವೆಂಬುದು ಕೇಳಿ ಬಲ್ಲ ಸಂಗತಿಯಷ್ಟೇ. ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ಸಾವಿರ ವಾಟ್ ಎಳೆಯಬೇಕಾದರೆ 80 ಆಂಪಿಯರಿಗೂ ಮೀರಿದ ವಿದ್ಯುತ್ತು ಬೇಕಾಗುವುದರಿಂದ ಪ್ರತಿ ಏಟಿಗೂ ಹೆಡ್‌ಲೈಟು ಕಣ್ಣು ಮಿಟುಕಿಸುತ್ತದೆ, ಹಿಂದಿನ ನಂಬರ್ ಪ್ಲೇಟು ತಾನೂ ಪಕ್ಕವಾದ್ಯ ನುಡಿಸುತ್ತದೆ. ವಾಟುಗಳನ್ನು ದುಪ್ಪಟ್ಟು ಮಾಡಿದರೆ ಏರುವುದು ಮೂರೇ ಡೆಸಿಬೆಲ್, ಕಿವಿಗೆ ಸದ್ದು ಎರಡರಷ್ಟೆನಿಸಲು ಹತ್ತು ಪಟ್ಟು ವಾಟು ಬೇಕು ಎಂದು ಈತ ಇತರರಿಗೆ ಎಚ್ಚರಿಸಿ, ದುಪ್ಪಟ್ಟು ವಾಟಿನ ಆಂಪ್ಲಿಫೈಯರಿಗೆ ಮುಂಗಡ ಕೊಟ್ಟು ಬರುತ್ತಾನೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿವೆ. ಎದುರು ಮನೆಯ ನಿವೃತ್ತರಿಗೆ ಈ ಅಂಕಿಗಳು ಬಾಯಿಪಾಠವಾಗಿರುವುದಕ್ಕೆ ಶಾಸ್ತ್ರಜ್ಞನೇ ಕಾರಣ. ಒಂದು ಭಾನುವಾರ ಡೆಸಿಬೆಲ್ ಎಂದರೇನೆಂದು ಅವರಿಗೆ ವಿವರಿಸಿದವನು ಅವನೇ.

ಕಾರು ಮಾರುವ ಕಾಲ ಬಂದಾಗ ಹಳೇ ಕಾರಿನ ದಲ್ಲಾಳಿ ಡಿಕ್ಕಿ ತೆರೆದು ನೋಡಿ, "ಇದನ್ನ ತೆಗ್ಸಿ ಕೊಡಿ ಸಾರ್, ಇಲ್ಲಾಂದ್ರೆ ರೇಟು ಕಮ್ಮಿ ಆಗುತ್ತೆ" ಎನ್ನುತ್ತಾನೆ. ಹೊಸ ಕಾರಿನ ಡಿಕ್ಕಿಯ ಓರೆಗೆ ಹಳೆಯ ಪೆಟ್ಟಿಗೆ ಹೊಂದದೆ, ಟೇಪು ಮತ್ತೆ ಹೊರಬಂದು, ಸೂತ್ರ ಮತ್ತೆ 34 ಲೀಟರನ್ನೇ ಹೇಳಿ, ಆಚಾರ್ರಿಗೆ ಈ ಬಾರಿ 70 ಲೀಟರಿನ ನಕ್ಷೆ ಹೋಗುತ್ತದೆ. ಹಳೆಯದು ಮನೆಯ ಹಾಲಿನ ಮೂಲೆ ಸೇರುತ್ತದೆ. ಅದರ ಮೇಲೆ ಇಸ್ತ್ರಿ ಬಟ್ಟೆ ಪೇರಿಸುವುದಕ್ಕೆ ಶಾಸ್ತ್ರಜ್ಞನ ಆಕ್ಷೇಪವಿಲ್ಲ. ತಂತಿಯೇ ಇಲ್ಲದ ಆ ಪೆಟ್ಟಿಗೆಯ ಕಿಂಡಿಗೆ ಅಡ್ಡವಾಗಿ ಮಾತ್ರ ಯಾರೂ ಚಪ್ಪಲಿ ಬಿಡಕೂಡದು, ಶ್ರುತಿ ತಪ್ಪುತ್ತದೆ.