ಬೆಸುಗೆಯ ರಾಯರು

ನಿವೃತ್ತಿಯ ಮರುದಿನವೇ ಗೀತಾಭಾಷ್ಯಕ್ಕೆ ಶರಣಾಗುವವರು, ಷೇರುಪೇಟೆಯ ಏರಿಳಿತಗಳಿಗೆ ತಮ್ಮ ರಕ್ತದೊತ್ತಡವನ್ನು ಒಪ್ಪಿಸಿಬಿಡುವವರು, ದೇವಸ್ಥಾನದ ಜೀರ್ಣೋದ್ಧಾರ ಸಮಿತಿಗೆ ಅಧ್ಯಕ್ಷರಾಗಿ ಊರಿನ ಶಾಂತಿಯನ್ನು ಕದಡುವವರು ನಮಗೆಲ್ಲ ಚಿರಪರಿಚಿತರು. ಆದರೆ ಮಂಗಳೂರಿನಿಂದ ಕುಂದಾಪುರದವರೆಗಿನ ಕಡಲತಡಿಯ ಬಡಾವಣೆಗಳಲ್ಲಿ, ಹಳೆಯದೊಂದು ಪ್ರೀಮಿಯರ್ ಪದ್ಮಿನಿಯ ಜೀರ್ಣೋದ್ಧಾರವನ್ನು ಸ್ವಹಸ್ತದಿಂದಲೇ ನೆರವೇರಿಸುವೆನೆಂದು ಸಂಕಲ್ಪ ತೊಟ್ಟು, ಅರವತ್ತರ ಮೇಲೆ ವೆಲ್ಡಿಂಗ್ ವಿದ್ಯಾಭ್ಯಾಸಕ್ಕೆ ತೊಡಗುವ ಸಜ್ಜನರ ಇನ್ನೊಂದು ವರ್ಗವಿದೆ. ಅವರ ವಿಷಯದಲ್ಲಿ ನಮ್ಮ ಸಾಹಿತ್ಯವು ಇದುವರೆಗೆ ತೋರಿರುವ ಔದಾಸೀನ್ಯವು ಕ್ಷಮಾರ್ಹವಲ್ಲ. ಆ ವರ್ಗದ ಪ್ರತಿನಿಧಿಯನ್ನು ರಾಯರೆಂದೇ ಕರೆಯೋಣ.

ರಾಯರು ಬ್ಯಾಂಕಿನ ಉನ್ನತ ಪದವಿಯಲ್ಲಿದ್ದ ಕಾಲದಲ್ಲಿ ಅವರ ಒಂದು ರುಜುವಿನಿಂದ ಸಾಲಗಳು ಹುಟ್ಟುತ್ತಿದ್ದವು, ವರ್ಗಾವಣೆಗಳು ರದ್ದಾಗುತ್ತಿದ್ದವು, ಕಡತಗಳು ಮೇಜಿನಿಂದ ಮೇಜಿಗೆ ತಾವಾಗಿಯೇ ಸಂಚರಿಸುತ್ತಿದ್ದವು. ಕಬ್ಬಿಣವೂ ಇದೇ ಶಿಸ್ತಿಗೆ ಒಳಪಟ್ಟ ಪದಾರ್ಥವೆಂದು ಅವರು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಅವರ ಕಾರಾದರೋ, 1964ರಲ್ಲಿ ಫಿಯಟ್ 1100 ಡಿಲೈಟ್ ಎಂಬ ನಾಮಧೇಯದಿಂದ ಮುಂಬಯಿಯಲ್ಲಿ ಅವತರಿಸಿ, ಮುಂದಿನ ದಶಕದಲ್ಲಿ ಪದ್ಮಿನಿಯೆನಿಸಿಕೊಂಡ ವಂಶಕ್ಕೆ ಸೇರಿದುದು. 1089 ಸಿಸಿಯ ಅದರ ಎಂಜಿನ್ ಈಗಲೂ ಸ್ವಲ್ಪ ಕೆಮ್ಮಿಯಾದರೂ ಎಚ್ಚರಗೊಳ್ಳುತ್ತದೆ, ವ್ಯಾಧಿಯಿರುವುದು ಶರೀರದಲ್ಲಿ. ಲಾರಿಗಿರುವಂತೆ ಪ್ರತ್ಯೇಕವಾದ ಚಾಸಿಸ್ ಈ ಕಾರಿಗಿಲ್ಲ. ತಗಡಿನ ನೆಲ ಮತ್ತು ಬಾಗಿಲುಗಳ ಕೆಳಗಿನ ಟೊಳ್ಳು ಪಟ್ಟಿಗಳೇ ಅದರ ಬೆನ್ನೆಲುಬು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಉಳಿದ ತಿಂಗಳುಗಳಲ್ಲಿ ಉಪ್ಪುಗಾಳಿ ಬೀಸುವ ಊರಿನಲ್ಲಿ, ಬಾಗಿಲೊಳಗೆ ಇಳಿದ ನೀರು ಹೊರಹೋಗಬೇಕಾದ ಕಿರುರಂಧ್ರಗಳನ್ನು ಮಾವಿನ ತರಗೆಲೆಯೂ ಕೆಮ್ಮಣ್ಣೂ ಮುಚ್ಚಿಬಿಟ್ಟರೆ, ಆ ಪಟ್ಟಿಗಳು ಒಳಗಿನಿಂದಲೇ ಸವೆಯುತ್ತ ಹೋಗುವುವು. ಹೊರಗಿನ ಬಣ್ಣ ಮಾತ್ರ ಗೃಹಸ್ಥನ ಮರ್ಯಾದೆಯನ್ನು ಕಾಪಾಡಿಕೊಂಡಿರುವುದು.

ಆ ಮರ್ಯಾದೆಯನ್ನು ಕಳೆದದ್ದು ಒಂದು ಸ್ಕ್ರೂಡ್ರೈವರ್. ಎಡಬದಿಯ ಹಿಂಬಾಗಿಲ ಕೆಳಗೆ ಎಂಟಾಣೆಯಗಲದ ಗುಳ್ಳೆಯೊಂದು ಬಣ್ಣವನ್ನೆತ್ತಿ ನಿಂತಿರಲು, ರಾಯರು ಅದನ್ನು ಮೆಲ್ಲನೆ ಚುಚ್ಚಿದರು. ಸ್ಕ್ರೂಡ್ರೈವರ್ ಹಿಡಿಯವರೆಗೆ ಒಳಹೊಕ್ಕಿತು. ಸುತ್ತಲೂ ಕೆದಕಿದಂತೆ ಕಂದು ಪದರಗಳು ಉದುರಿ, ಯಾವ ಕಾಲದಲ್ಲೋ ಯಾರೋ ಮೆತ್ತಿದ್ದ ಪುಟ್ಟಿ ಹೆಕ್ಕಳಿಕೆಯಾಗಿ ಕಳಚಿ, ಅದರಡಿಯಲ್ಲಿ ತುರುಕಿದ್ದ ವೃತ್ತಪತ್ರಿಕೆಯ ತುಣುಕೊಂದು ಹೊರಬಂದಿತು. ಅದರಲ್ಲಿದ್ದ ಅಂದಿನ ಅಡಿಕೆ ಧಾರಣೆಯನ್ನು ಓದುತ್ತ ರಾಯರು ಕ್ಷಣಕಾಲ ಮೈಮರೆತರು. ನೆಲಹಾಸನ್ನು ಎತ್ತಿದಾಗ ಚಾಲಕನ ಪಾದದಡಿಯಲ್ಲಿ ಅಂಗಳದ ಗರಿಕೆ ಕಾಣಿಸಿತು. ಕಾಫಿ ತಂದ ಅವರ ಪತ್ನಿ ಬಗ್ಗಿ ನೋಡಿ, “ಇದೆಂತ ಮಾರಾಯ್ರೇ, ತಗಡೋ ನೀರುದೋಸೆಯೋ?” ಎಂದರು.

ಪೇಟೆಯ ಟಿಂಕರಿಂಗ್ ಮೇಸ್ತ್ರಿಯು ಬಂದು, ಕಾರನ್ನು ಒಮ್ಮೆ ಸುತ್ತಿ, ಕೇಳಿದ ಮೊತ್ತವು ಕಾರಿನ ಬೆಲೆಯನ್ನು ಮೀರಿತ್ತು. ವಿದ್ಯೆ ಯಾರಪ್ಪನ ಸ್ವತ್ತೂ ಅಲ್ಲವೆಂದು ಘೋಷಿಸಿದ ರಾಯರು, ವೆಲ್ಡಿಂಗ್ ಯಂತ್ರ, ಆಂಗಲ್ ಗ್ರೈಂಡರ್, 11ನೇ ನಂಬರಿನ ಕಪ್ಪುಗಾಜಿನ ಮುಖಗವಸು, ಚರ್ಮದ ಕೈಗವಸು ಮೊದಲಾದ ಪರಿಕರಗಳನ್ನು ತರಿಸಿದರು. ಇವುಗಳ ಒಟ್ಟು ಬೆಲೆಯು ಮೇಸ್ತ್ರಿ ಕೇಳಿದ್ದನ್ನೂ ಮೀರಿದ ಸಂಗತಿಯು, ಲೆಕ್ಕಪತ್ರದಲ್ಲಿ ಅಷ್ಟು ಪರಿಣತರಾದ ಅವರ ಕಣ್ಣಿಗೆ ಬೀಳದೆ ಹೋದದ್ದು ವಿಧಿವಿಲಾಸ. ತಗಡಿನ ದಪ್ಪ ಒಂದು ಮಿಲಿಮೀಟರಿನ ಆಸುಪಾಸು. ರಾಯರ ಕೈಯಲ್ಲಿದ್ದ ರಾಡು 2.5 ಮಿಲಿಮೀಟರಿನದು. ಉಕ್ಕು ಕರಗಲು ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಸಾಕು. ರಾಡಿನ ತುದಿಯ ವಿದ್ಯುಜ್ಜ್ವಾಲೆಯ ತಾಪವೋ ಅದರ ಹಲವು ಪಾಲು. ಚಟಚಟಾಯಮಾನವಾದ ಕಿಡಿಗಳ ನಡುವೆ ರಾಯರು ಮುಖಗವಸನ್ನೆತ್ತಿ ನೋಡುವಾಗ, ಬೆರಳು ತೂರುವಷ್ಟಿದ್ದ ರಂಧ್ರವು ಮುಷ್ಟಿ ತೂರುವಷ್ಟಾಗಿತ್ತು. ಸೇವಾಹಿರಿತನಕ್ಕೆ ತಲೆಬಾಗದ ಅಧೀನನನ್ನು ಅವರು ಜೀವಮಾನದಲ್ಲಿ ಕಂಡದ್ದು ಅದೇ ಮೊದಲು.

ಇತ್ತ ಮೇಸ್ತ್ರಿಯು, ಕೆಲಸ ತಪ್ಪಿದರೂ ಮನರಂಜನೆ ತಪ್ಪಬಾರದೆಂದು, ಸಂಜೆ ಸಂಜೆ ಕಾಂಪೌಂಡಿನ ಕಟ್ಟೆಯ ಮೇಲೆ ಎಲೆಯಡಿಕೆ ಜಗಿಯುತ್ತ ಕುಳಿತಿರುತ್ತಿದ್ದನು. ಕಡೆಗೆ ಅವನಿಗೇ ಕನಿಕರ ಹುಟ್ಟಿತು. “ಸಾರ್, ಈ ರಾಡು ಗೇಟಿಗೆ ಆಯ್ತು, ಕಾರಿಗಲ್ಲ. ಸಿಒಟು ಮಿಷನ್ ತರಿಸಿ, ಸಪೂರ ತಂತಿ ಹಾಕಿ. ತುಕ್ಕಿನ ಮೇಲೆ ಬೆಸುಗೆ ಹಿಡಿಯುವುದಿಲ್ಲ. ಒಳ್ಳೇ ತಗಡು ಸಿಗುವವರೆಗೆ ಕತ್ತರಿಸಿ. ಮತ್ತೆ ಗೆರೆ ಎಳೆಯಬೇಡಿ. ಇಲ್ಲೊಂದು ಚುಕ್ಕೆ ಕೊಡಿ, ಆ ತುದಿಯಲ್ಲೊಂದು ಕೊಡಿ, ತಣಿಯಲು ಬಿಡಿ.” ಒಂದೇ ಕಡೆ ಕಾವು ಕೂಡಿದರೆ ತಗಡು ಸೊಟ್ಟಗಾಗುವುದೆಂಬ ಈ ಶಾಸ್ತ್ರವನ್ನು ರಾಯರು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು, ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಅದರಂತೆ ಹೊಸ ತಗಡನ್ನು ಕತ್ತರಿಸಿ, 0.8 ಮಿಲಿಮೀಟರಿನ ತಂತಿಯಿಂದ ಚುಕ್ಕೆಯಿಡಲಾರಂಭಿಸಿದರು. ತಮ್ಮ ಕೊಠಡಿಯ ಹೊರಗೆ ಮೂರು ದಶಕ ಜನರನ್ನು ಬೆಂಚಿನ ಮೇಲೆ ಕೂರಿಸಿದ್ದ ಆ ಮಹನೀಯರು, ಕಾಯುವುದೆಂದರೇನೆಂಬುದನ್ನು ಒಂದು ಚುಕ್ಕೆಗೂ ಮತ್ತೊಂದು ಚುಕ್ಕೆಗೂ ನಡುವೆ ಪ್ರಪ್ರಥಮವಾಗಿ ಅರಿತುಕೊಂಡರು.

ವಿಘ್ನಗಳು ಇರಲಿಲ್ಲವೆಂದಲ್ಲ. ಬ್ಯಾಟರಿಯ ತಂತಿಯನ್ನು ಕಳಚಿ, ಪೆಟ್ರೋಲ್ ಟ್ಯಾಂಕನ್ನು ದೂರದ ತೆಂಗಿನ ಬುಡಕ್ಕೆ ಗಡೀಪಾರು ಮಾಡಿದ್ದರೂ, ಕಾರಿನ ತಳಕ್ಕೆ ಬಳಿದಿದ್ದ ಡಾಂಬರು ಹೊತ್ತಿಕೊಂಡಿತು. ಬಕೆಟ್ಟಿನೊಡನೆ ಸಿದ್ಧರಾಗಿದ್ದ ಪತ್ನಿ ಬೆಂಕಿಯನ್ನೂ ರಾಯರನ್ನೂ ಏಕಕಾಲದಲ್ಲಿ ತಣಿಸಿದರು. ಒಂದೇ ಚುಕ್ಕೆ ತಾನೆ ಎಂದು ಮುಖಗವಸಿಲ್ಲದೆ ಬೆಸುಗೆಯಿಟ್ಟ ದಿನ, ಅತಿನೇರಳೆ ಕಿರಣಗಳು ಹೊತ್ತು ಮುಳುಗುವವರೆಗೆ ಸೌಜನ್ಯದಿಂದ ಸುಮ್ಮನಿದ್ದು, ಮಧ್ಯರಾತ್ರಿಯಲ್ಲಿ ಕಣ್ಣಿಗೆ ಮರಳೆರಚಿದಂಥ ಯಾತನೆಯನ್ನು ಕೊಟ್ಟವು. ಆದರೂ ಬೆಸುಗೆ ಕುಳಿತಿತು. ಕುಳಿತ ಬೆಸುಗೆಯ ಉಬ್ಬುತಗ್ಗುಗಳನ್ನು ಗ್ರೈಂಡರು ಸವರಿತು, ಗ್ರೈಂಡರಿಗೂ ಬಗ್ಗದುದನ್ನು ಪುಟ್ಟಿ ಮುಚ್ಚಿತು.

ಈಗ ರಾಯರು ಲೋಕವನ್ನು ನೋಡುವ ದೃಷ್ಟಿಯೇ ಬೇರೆ. ಮದುವೆಗೆ ಹೋದರೆ ವಧೂವರರಿಗಿಂತ ಮೊದಲು ಛತ್ರದ ಗೇಟನ್ನು ಬೆರಳಗೆಣ್ಣಿನಿಂದ ತಟ್ಟಿ ಪರೀಕ್ಷಿಸುವರು. ಪರಿಚಿತರ ಕಾರು ಕಂಡರೆ ಕುಶಲಪ್ರಶ್ನೆಗೆ ಮುನ್ನ ಮಡ್‌ಗಾರ್ಡಿನ ಒಳಗೆ ಕೈಯಾಡಿಸುವರು. ತಮ್ಮ ಪದ್ಮಿನಿಯಲ್ಲಿ ಒಂದು ತೂತು ಮುಚ್ಚುವಷ್ಟರಲ್ಲಿ ಮತ್ತೊಂದು ಗುಳ್ಳೆ ಏಳುವುದನ್ನು ಕಂಡು ಅವರಿಗೆ ದುಃಖವಾಗುತ್ತದೆಂದು ಭಾವಿಸಿದವರು ಅವರನ್ನು ಅರಿಯದವರು. ಮೊನ್ನೆ ಅವರ ಅಳಿಯನು ಹೊಸ ಕಾರಿನಲ್ಲಿ ಬಂದಿಳಿದು, ಇದರ ತಗಡಿಗೆಲ್ಲ ಸತುವಿನ ಲೇಪವಿದೆ, ತುಕ್ಕಿನ ಭಯ ಕಡಿಮೆಯೆಂದು ಹೆಮ್ಮೆಯಿಂದ ವಿವರಿಸಿದನು. ರಾಯರು ಅಂಗಳದಲ್ಲಿ ಅಡ್ಡಬಿದ್ದು ಕಾರಿನ ತಳವನ್ನೆಲ್ಲ ಟಾರ್ಚಿನಿಂದ ಶೋಧಿಸಿ, ಎಲ್ಲಿಯೂ ಒಂದು ಕಲೆಯನ್ನೂ ಕಾಣದೆ ಮೇಲೆದ್ದು, ಪತ್ನಿಯನ್ನು ಬದಿಗೆ ಕರೆದು ಮರುಕದಿಂದ ಕೇಳಿದರಂತೆ: “ಪಾಪ, ರಿಟೈರ್ ಆದ ಮೇಲೆ ಇವನು ಎಂತ ಮಾಡುವುದು?”