ಘಟಪ್ರಭಾ ಸೀಮೆಯಲ್ಲಿ ಸಲಹೋತ್ಪಾದನೆ: ಒಂದು ವಿಶ್ಲೇಷಣಾತ್ಮಕ ಅಧ್ಯಯನ

ಪ್ರಸ್ತಾವನೆ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಲ್ಲಿ ಸಲಹೆ ಕೊಡುವವರ ಉತ್ಪಾದನೆ ಮಿತಿಮೀರಿದ್ದು, ಕೇಳುವವರ ಅಭಾವ ತೀವ್ರವಾಗಿದೆ. 1969ರಲ್ಲೇ ಸಹಕಾರ ಸಂಘ ಕಟ್ಟಿಕೊಂಡು ಕರೆಂಟನ್ನೇ ಹಂಚಿಕೊಂಡ ಹುಕ್ಕೇರಿ, ಸಲಹೆ ಹಂಚದೆ ಬಿಟ್ಟೀತೆ? ಇಂಥ ಸೀಮೆಯಲ್ಲಿ, ಆಪ್ತಸಲಹೆಗಾರರನ್ನು ತಯಾರಿಸುವ ಗುರುಗಳನ್ನು ತಯಾರಿಸುವ ವಿದ್ಯೆಯಲ್ಲಿ ಪಿಎಚ್.ಡಿ. ಮಾಡಹೊರಟವಳ ಪಾಡೇನು ಎಂಬುದೇ ಪ್ರಸ್ತುತ ಸಮಸ್ಯೆ. ಅಮೆರಿಕದಲ್ಲಿ ಈ ವಿದ್ಯೆಗೆ ಪ್ರತ್ಯೇಕ ಡಾಕ್ಟರೇಟು ಉಂಟು. ಅದಕ್ಕೆ ಅಳತೆಗೋಲು ಹಿಡಿಯಲು 1981ರಿಂದ ಕೇಕ್ರೆಪ್ ಎಂಬ ಮಂಡಳಿಯೂ ಉಂಟು. ನಮ್ಮಲ್ಲಿ ಸಾಮಾನ್ಯವಾಗಿ ಶಿಕ್ಷಣ ವಿಭಾಗದ್ದೋ ಮನೋವಿಜ್ಞಾನ ವಿಭಾಗದ್ದೋ ಒಂದು ಮೂಲೆಯಲ್ಲಿ ಚಾಪೆ ಹಾಸಿಕೊಳ್ಳಬೇಕು.

ಪರಿಭಾಷೆ

'ಆಪ್ತಸಲಹೆ' ಎಂಬ ಶಬ್ದದಲ್ಲೇ ಎಡವಟ್ಟಿದೆ. ಅಪ್ಪಣೆ ಕೊಡಿಸದೆ ಕೇಳಿಸಿಕೊಳ್ಳುವುದೇ ಚಿಕಿತ್ಸೆಯೆಂದು ಕಾರ್ಲ್ ರೋಜರ್ಸ್ 1942ರಲ್ಲೇ ಪುಸ್ತಕ ಬರೆದ. ಅರ್ಥಾತ್, ಸಲಹೆ ಕೊಡದವನೇ ಸಲಹೆಗಾರ. ಈ ವ್ಯಾಖ್ಯೆಯ ಪ್ರಕಾರ ಮೂರೂ ತಾಲೂಕುಗಳ ಸಮಸ್ತ ಮಾವಂದಿರು ಅನರ್ಹರಾಗುತ್ತಾರೆ.

ಪೂರ್ವಾಧ್ಯಯನಗಳ ಸಮೀಕ್ಷೆ

ಗೋಕಾಕದಿಂದ ಬೇರೆ ಒಲೆ ಹೂಡಿದ ಮೂಡಲಗಿ ತಾಲೂಕಿನ ಕುಲಗೋಡ, ಶ್ರೀಕೃಷ್ಣ ಪಾರಿಜಾತದ ತಮ್ಮಣ್ಣನ ಊರು. ಪಾರಿಜಾತದ ಹೂ ರುಕ್ಮಿಣಿಯ ಪಾಲಾಗಿ ಸತ್ಯಭಾಮೆ ಮುನಿದು ಕೂತದ್ದು ಈ ಸೀಮೆಯ ಮೊದಲ ಪ್ರಕರಣಾಧ್ಯಯನ. ಆಟದ ಭಾಗವತ ಬುದ್ಧಿ ಹೇಳುವುದಿಲ್ಲ. ಯಾರು, ಎಲ್ಲಿಂದ, ಯಾತಕ್ಕೆ ಎಂದು ಕೇಳುತ್ತ ಹೋಗುತ್ತಾನೆ. ಕೇಳಿದಷ್ಟೂ ಪಾತ್ರ ಬಾಯಿಬಿಡುತ್ತದೆ. ಪಾಶ್ಚಾತ್ಯರು ಐವತ್ತು ನಿಮಿಷಕ್ಕೆ ಗಡಿಯಾರ ನೋಡುತ್ತಾರೆ. ಇಲ್ಲಿ ಕೋಳಿ ಕೂಗಿದ ಮೇಲೇ ಸಮಾಲೋಚನೆ ಸಮಾಪ್ತಿ.

ಇನ್ನು ಊರ ಹೆಸರಿಗೆ ಕೀರ್ತಿ ತಂದ 1981ರ ಗೋಕಾಕ ವರದಿ. ವರದಿ ಕೊಟ್ಟ ವಿ.ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ ಎಂಬುದು ಬೇರೆ ಮಾತು. ಆ ವರದಿಗಾಗಿ ನಾಡೇ ಬೀದಿಗಿಳಿಯಿತು. ಪಿಎಚ್.ಡಿ. ಪ್ರಬಂಧಕ್ಕಾಗಿ ಬೀದಿಗಿಳಿಯುವವರು ಅದನ್ನು ಬೈಂಡಿಂಗಿಗೆ ಒಯ್ಯುವವರು ಮಾತ್ರ.

ಕ್ಷೇತ್ರಕಾರ್ಯ

ಸ್ಥಳ: ಗೋಕಾಕ ಬಸ್ ನಿಲ್ದಾಣ. ಉಪಕರಣಗಳು: ಪ್ರಶ್ನಾವಳಿ ಒಂದು, ಮಾರ್ಗದರ್ಶಕರ ಮನೆಗೆಂದು ಅರ್ಧ ಕಿಲೋ ಕರದಂಟು. ಹುಕ್ಕೇರಿ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಅಜ್ಜಿ ಮೊದಲ ಪ್ರಶ್ನೆಯನ್ನು ತಾನೇ ಹಾಕಿದಳು.

"ಏನ್ ಓದಾಕತ್ತೀ ತಂಗಿ?"

"ಮಂದಿ ಕಷ್ಟಾ ಕೇಳೂದು ಹೆಂಗಂತ ಕಲಿಸೋರಿಗೆ ಕಲಿಸೂದು, ಅಮ್ಮಾ."

"ಅಷ್ಟಕ್ಕ ಎಷ್ಟ ವರ್ಷ?"

ಯುಜಿಸಿಯ 2022ರ ನಿಯಮದಂತೆ ಕನಿಷ್ಠ ಮೂರು, ಸಾಮಾನ್ಯವಾಗಿ ಗರಿಷ್ಠ ಆರು. ಕೋರ್ಸ್‌ವರ್ಕಿಗೆ ಕನಿಷ್ಠ 12 ಕ್ರೆಡಿಟ್ ಎಂದು ಸಂಶೋಧಕಿ ವಿವರಿಸಿದಳು.

"ಲಗ್ನಾ ಮಾಡ್ಕೊ. ಆರ ತಿಂಗಳದಾಗ ಎಲ್ಲಾ ಕೇಳಿಸ್ಕೊಳ್ಳೂದು ಕಲೀತಿ."

ಹಿಂದಿನ ಸೀಟಿನವರು ವಿಶ್ವವಿದ್ಯಾಲಯ ಎಲ್ಲಿ ಎಂದರು. ಧಾರವಾಡ ಎಂದದ್ದೇ ತಡ, ಬಸ್ಸು ಸ್ತಬ್ಧ. ಆ ಊರಲ್ಲಿ ವಿಶ್ವವಿದ್ಯಾಲಯವೂ ಇದೆ, ಹುಚ್ಚಾಸ್ಪತ್ರೆ ಎಂದೇ ಮಂದಿ ಕರೆಯುತ್ತಿದ್ದ ದೊಡ್ಡ ಮಾನಸಿಕ ಆಸ್ಪತ್ರೆಯೂ ಇದೆ. ನಮ್ಮ ಕಡೆ 'ಧಾರವಾಡಕ್ಕ ಹೋಗ್ಯಾಳ' ಎಂದರೆ ಯಾವುದಕ್ಕೆ ಎಂದು ಬಿಡಿಸಿ ಹೇಳಬೇಕಾಗುತ್ತದೆ.

ಘಟಪ್ರಭಾ ದಾಟಿದ ಮೇಲೆ ಅಜ್ಜಿಯ ಸಲಹೆಗಳು ತೀರಿದವು. ಪುಣೆಗೆ ಹೋದ ಮಗನ ಮಾತು ಬಂತು. ದೀಪಾವಳಿಗೂ ಬರಲಿಲ್ಲ. ಫೋನ್ ಹಚ್ಚಿದರೆ 'ಆಮೇಲೆ ಮಾತಾಡ್ತೀನಿ' ಅಂತಾನೆ. ಸಂಶೋಧಕಿ ಪ್ರಶ್ನಾವಳಿಯನ್ನು ಮಡಚಿ ಚೀಲಕ್ಕಿಟ್ಟಳು. ಹುಕ್ಕೇರಿಯವರೆಗೂ ಆಕೆ ಆಡಿದ್ದು ಒಂದೇ ಶಬ್ದ: "ಹೂಂ."

ಇಳಿಯುವಾಗ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಭಾಳ ಚಲೋ ಮಾತಾಡ್ತಿ ನೋಡವ್ವಾ" ಎಂದಳು.

ಫಲಿತಾಂಶ

ಬಾಯಿ ಮುಚ್ಚಲು ಕಲಿಯುವುದಕ್ಕೆ ಮೂರರಿಂದ ಆರು ವರ್ಷ ಹೆಚ್ಚಲ್ಲ. ನಮ್ಮ ಸೀಮೆಯ ಮಟ್ಟಿಗೆ ಕಡಿಮೆಯೇ ಆಯಿತು. ಕರದಂಟು ಅಜ್ಜಿಯ ಜೊತೆ ಇಳಿದುಹೋದದ್ದರಿಂದ ಮಾರ್ಗದರ್ಶಕರ ಅಭಿಪ್ರಾಯ ಇನ್ನೂ ಬಂದಿಲ್ಲ.

ಈ ಪ್ರಬಂಧದ ಕುರಿತು ಓದುಗರು ದಯವಿಟ್ಟು ಸಲಹೆ ಕಳಿಸಬಾರದು. ಒಂದು 'ಹೂಂ' ಸಾಕು.